ಯಾವ ಬಾರ್ಡಾಕ್ ನಿಜ? ಸ್ಪಿನ್-ಆಫ್ ಮಂಗಾ ಮತ್ತು ಕ್ಯಾನನ್ ಪ್ರಶ್ನೆ

ಪ್ರಶ್ನೆ: ಸರ್, ನಮಸ್ಕಾರ್ರೀ. ನಾನು ಕಲಬುರಗಿಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಕಾಲೇಜಿನ ಫೆಸ್ಟ್‌ನಲ್ಲಿ ಅನಿಮೆ-ಮಂಗಾ (ಜಪಾನಿನ ಕಾರ್ಟೂನ್ ಮತ್ತು ಕಾಮಿಕ್ಸ್) ಕ್ವಿಜ್ ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ಕೊನೆಯ ಸುತ್ತಿನಲ್ಲಿ, "ಡ್ರ್ಯಾಗನ್ ಬಾಲ್ ಕಥೆಯ ಗೋಕುವನ್ನು ಮಗುವಾಗಿದ್ದಾಗ ಭೂಮಿಗೆ ಏಕೆ ಕಳುಹಿಸಿದರು?" ಎಂದು ಕೇಳಿದೆ. ಒಂದು ತಂಡ "ಭೂಮಿಯ ಜನರನ್ನು ಕೊಂದು ಗ್ರಹ ಖಾಲಿ ಮಾಡಲು" ಎಂದಿತು. ಇನ್ನೊಂದು ತಂಡ "ಮಗುವಿನ ಜೀವ ಉಳಿಸಲು" ಎಂದಿತು. ನನ್ನ ಚೀಟಿಯಲ್ಲಿ ಮೊದಲನೆಯ ಉತ್ತರ ಇತ್ತು, ಅವರಿಗೇ ಅಂಕ ಕೊಟ್ಟೆ. "ನೀವು ಹೇಳಿದ್ದು ಸ್ಪಿನ್-ಆಫ್‌ನಿಂದ ಬಂದದ್ದು, ಅದು ಕ್ಯಾನನ್ ಅಲ್ಲ" ಎಂದು ಎರಡನೆಯ ತಂಡಕ್ಕೆ ಹೇಳಿದೆ. ಅವರು ನನ್ನ ಜೊತೆ ಮಾತೇ ಬಿಟ್ಟಿದ್ದಾರೆ. ಸ್ಪಿನ್-ಆಫ್ ಮಂಗಾವನ್ನು ಕ್ಯಾನನ್ ಎಂದು ಲೆಕ್ಕ ಹಿಡಿಯಬೇಕಾ, ಬೇಡ್ವಾ? ಇನ್ನೊಂದು ಮಾತು: ನಮ್ಮ ಲೈಬ್ರರಿಗೆ ಒಂದಿಷ್ಟು ಮಂಗಾ ತರಿಸಲು ಒಪ್ಪಿದ್ದಾರೆ. ಕ್ಯಾನನ್ ಅಲ್ಲದ್ದನ್ನು ತರಿಸಿದರೆ ದುಡ್ಡು ದಂಡ ಆಗುತ್ತಾ?

ಉತ್ತರ: ತಮ್ಮಾ, ಮೊದಲು ಫೈಸಲಾ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಅಂಕ ಎರಡನೆಯ ತಂಡಕ್ಕೆ ಸಲ್ಲಬೇಕಿತ್ತು. ಮೊದಲನೆಯ ತಂಡ ಹೇಳಿದ್ದೂ ಪುಸ್ತಕದಲ್ಲಿ ಇರುವ ಮಾತೇ. ಹಾಗಾಗಿ ಅವರಿಂದ ಅಂಕ ಕಿತ್ತುಕೊಳ್ಳುವುದು ಬೇಡ, ಇಬ್ಬರಿಗೂ ಕೊಡು. ಮಾತು ಬಿಟ್ಟ ಗೆಳೆಯರನ್ನು ನೀನೇ ಹೋಗಿ ಮಾತಾಡಿಸು. ಆದರೆ "ಇದು ಸ್ಪಿನ್-ಆಫ್, ಆದ್ದರಿಂದ ಕ್ಯಾನನ್ ಅಲ್ಲ" ಎಂದು ನೀನು ಕೊಟ್ಟ ಕಾರಣ ನಿಲ್ಲುವುದಿಲ್ಲ. ಈ ಮಾತನ್ನು ಬಹಳ ಜನ ಹೇಳುತ್ತಾರೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮಂಗಾ ಹೊಸದಾಗಿ ಓದುತ್ತಿರುವವರಿಗೆ ಎರಡು ಸಾಲು. ಒಂದು ಕಥೆಯ ಲೋಕದಲ್ಲಿ ಇದು ನಿಜವಾಗಿ ನಡೆದಿದೆ ಎಂದು ಒಪ್ಪಿಕೊಂಡ ಭಾಗಕ್ಕೆ ಅಭಿಮಾನಿಗಳು ಕ್ಯಾನನ್ ಎನ್ನುತ್ತಾರೆ. ಮುಖ್ಯ ಕಥೆಯ ಒಂದು ಪಾತ್ರವನ್ನೋ, ಹಿಂದಿನ ಕಾಲವನ್ನೋ ಹಿಡಿದುಕೊಂಡು ಬೇರೆಯಾಗಿ ಬರೆದ ಮಂಗಾ ಸ್ಪಿನ್-ಆಫ್. ಮುಂದೆ 'ಡ್ರ್ಯಾಗನ್ ಬಾಲ್' ಮತ್ತು 'ಮೈ ಹೀರೋ ಅಕಾಡೆಮಿಯಾ' ಕಥೆಗಳ ದೊಡ್ಡ ಗುಟ್ಟುಗಳು ಬರುತ್ತವೆ. ಇನ್ನೂ ಓದುತ್ತಿರುವವರು ಇಲ್ಲೇ ನಿಲ್ಲುವುದು ಒಳ್ಳೆಯದು.

ನಿನ್ನ ಪ್ರಶ್ನೆಯನ್ನೇ ಹಿಡಿಯೋಣ. ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಕಿರಾ ತೊರಿಯಾಮಾ ಅವರ 'ಡ್ರ್ಯಾಗನ್ ಬಾಲ್' 1984ರಿಂದ 1995ರವರೆಗೆ ವೀಕ್ಲಿ ಶೋನೆನ್ ಜಂಪ್ ಪತ್ರಿಕೆಯಲ್ಲಿ ಬಂತು. ಒಟ್ಟು 42 ಸಂಪುಟ. ಅದರಲ್ಲಿ ಗೋಕು ದೊಡ್ಡವನಾದ ಮೇಲೆ ಅವನ ಅಣ್ಣ ರಾಡಿಟ್ಸ್ ಭೂಮಿಗೆ ಬರುತ್ತಾನೆ. "ನೀನು ಸೈಯಾನ್ ಕುಲದವನು, ಇಲ್ಲಿನ ಜನರನ್ನು ಮುಗಿಸಲು ನಿನ್ನನ್ನು ಕಳುಹಿಸಿದ್ದರು" ಎಂಬ ಅರ್ಥದ ಮಾತು ಹೇಳುತ್ತಾನೆ. ನಿನ್ನ ಚೀಟಿಯ ಉತ್ತರ ಬಂದದ್ದು ಇಲ್ಲಿಂದ.

1990ರಲ್ಲಿ ಜಪಾನಿನ ಟಿವಿಯಲ್ಲಿ ಗೋಕುವಿನ ಅಪ್ಪ ಬಾರ್ಡಾಕ್‌ನ ಕಥೆ ವಿಶೇಷ ಕಾರ್ಯಕ್ರಮವಾಗಿ ಬಂತು. ಅದರ ಕಥೆ ತೊರಿಯಾಮಾ ಬರೆದದ್ದಲ್ಲ. ಅಲ್ಲಿನ ಬಾರ್ಡಾಕ್ ಕಲ್ಲೆದೆಯ ಸಿಪಾಯಿ. ತನ್ನ ಮಗುವಿನ ಬಲ ಬರೀ 2 ಎಂದು ಗೊತ್ತಾದಾಗ ಮುಖ ತಿರುಗಿಸುತ್ತಾನೆ. ಮುಂದಾಗುವುದು ಕಣ್ಣಿಗೆ ಕಾಣುವ ಶಾಪ ಅವನಿಗೆ ತಗಲುತ್ತದೆ. ತನ್ನ ಕುಲದ ನಾಶವನ್ನು ಮೊದಲೇ ಕಂಡವನು ಒಬ್ಬನೇ ಆ ನಾಶ ಮಾಡುವ ಖಳ ಫ್ರೀಜಾನ ಎದುರು ನಿಂತು ಸಾಯುತ್ತಾನೆ. ಈ ಕಥೆ ತೊರಿಯಾಮಾಗೆ ಎಷ್ಟು ಹಿಡಿಸಿತು ಅಂದರೆ, ಬಾರ್ಡಾಕ್‌ನನ್ನು ತಮ್ಮ ಮಂಗಾದೊಳಗೇ ತಂದರು. ಗೋಕುವನ್ನು ನೋಡಿದಾಗ ಫ್ರೀಜಾಗೆ ಆ ಸೈಯಾನ್‌ನ ನೆನಪಾಗುವ ಪುಟ ಮೂಲ ಮಂಗಾದಲ್ಲಿದೆ.

2011ರಲ್ಲಿ ನಾಹೋ ಓಇಶಿ ಒಂದು ಸಣ್ಣ ಸ್ಪಿನ್-ಆಫ್ ಮಂಗಾ ಬರೆದರು. ಅದರಲ್ಲಿ ಬಾರ್ಡಾಕ್ ಸಾಯುವುದೇ ಇಲ್ಲ. ಬಹಳ ಹಿಂದಿನ ಕಾಲಕ್ಕೆ ಹೋಗಿ ಬಿದ್ದು, ಅಲ್ಲಿ ಸೂಪರ್ ಸೈಯಾನ್ (ಸೈಯಾನರ ಮಹಾಬಲದ ರೂಪ) ಆಗುತ್ತಾನೆ. ಇದನ್ನು ಚಿಕ್ಕ ಅನಿಮೆಯಾಗಿಯೂ ಮಾಡಿದರು.

ಆಮೇಲೆ 2013ರಲ್ಲಿ ತೊರಿಯಾಮಾ ಸ್ವತಃ 'ಜಾಕೋ ದಿ ಗ್ಯಾಲಾಕ್ಟಿಕ್ ಪೆಟ್ರೋಲ್‌ಮನ್' ಬರೆದರು. ಬಾಹ್ಯಾಕಾಶದ ಪೊಲೀಸನೊಬ್ಬನ ತಮಾಷೆಯ ಕಥೆ ಎಂದು ಶುರುವಾಗಿ, ಕೊನೆಗೆ ಇದು ಗೋಕು ಭೂಮಿಗೆ ಬರುವ ಹೊತ್ತಿನ ಕಥೆ ಎಂದು ಗೊತ್ತಾಗುತ್ತದೆ. 2014ರಲ್ಲಿ ಅದು ಪುಸ್ತಕವಾದಾಗ 'ಡ್ರ್ಯಾಗನ್ ಬಾಲ್ ಮೈನಸ್' ಎಂಬ ಒಂದು ಅಧ್ಯಾಯ ಜೊತೆಗೆ ಸೇರಿತು. ಗೋಕುವಿನ ಅವ್ವ ಗೀನೆ ನಮಗೆ ಮೊದಲ ಸಲ ಕಾಣುವುದು ಇಲ್ಲಿ. ಇಲ್ಲಿನ ಬಾರ್ಡಾಕ್‌ಗೆ ಫ್ರೀಜಾನ ಮೇಲೆ ಅನುಮಾನ ಬರುತ್ತದೆ. ಗಂಡ ಹೆಂಡತಿ ಸೇರಿ ಮಗುವನ್ನು ಉಳಿಸಲೆಂದು ದೂರದ ಭೂಮಿಗೆ ಕಳುಹಿಸುತ್ತಾರೆ. ಎರಡನೆಯ ತಂಡದ ಉತ್ತರ ಇದು.

ಈಗ ಲೆಕ್ಕ ಹಾಕು. ಒಬ್ಬನೇ ಬಾರ್ಡಾಕ್, ಅವನ ಬಗ್ಗೆ ಒಂದಕ್ಕೊಂದು ಹೊಂದದ ಮೂರು ಕಥೆಗಳು. ಒಂದು ಟಿವಿಯವರದು, ಒಂದು ಬೇರೆ ಕಲಾವಿದೆಯದು, ಒಂದು ಮೂಲ ಲೇಖಕರದು. ಮೂರೂ 42 ಸಂಪುಟದ ಹೊರಗೆ ಹುಟ್ಟಿದವು. ಹೊರಗಿನದು ಅಂತ ಎಲ್ಲವನ್ನೂ ತಳ್ಳಿದರೆ, ಮೂಲ ಮಂಗಾದಲ್ಲಿ ಫ್ರೀಜಾನ ನೆನಪಿಗೆ ಬರುವ ಆ ಬಾರ್ಡಾಕ್ ಎಲ್ಲಿಂದ ಬಂದ? ಅವನು ಹುಟ್ಟಿದ್ದೇ ಹೊರಗೆ!

ನಾನು ಹಿಡಿಯುವ ಅಳತೆ ಒಂದೇ. ಆ ಸ್ಪಿನ್-ಆಫ್ ಅನ್ನು ಕಿತ್ತು ನೋಡು. ಆಮೇಲೆ ಬಂದ ಮುಖ್ಯ ಕಥೆಯಲ್ಲಿ ತೂತು ಬಿತ್ತಾ? ಬಿದ್ದರೆ ಅದು ಕ್ಯಾನನ್. ಬೀಳದಿದ್ದರೆ ಅಲ್ಲ, ಕನಿಷ್ಠ ಇನ್ನೂ ಆಗಿಲ್ಲ.

2011ರ ಬಾರ್ಡಾಕ್ ಕಥೆಯನ್ನು ಕಿತ್ತು ನೋಡು, ಎಲ್ಲೂ ಏನೂ ಅಲುಗುವುದಿಲ್ಲ. ಮುಖ್ಯ ಕಥೆ ಅದರ ಕಡೆ ತಿರುಗಿಯೇ ನೋಡಿಲ್ಲ. 'ಮೈನಸ್' ಅಧ್ಯಾಯವನ್ನು ಕಿತ್ತರೆ? ತೊರಿಯಾಮಾ ಅವರೇ ಚಿತ್ರಕಥೆ ಬರೆದ 2018ರ 'ಡ್ರ್ಯಾಗನ್ ಬಾಲ್ ಸೂಪರ್: ಬ್ರೋಲಿ' ಸಿನಿಮಾದ ಮೊದಲ ಭಾಗವೇ ಹೋಗುತ್ತದೆ, ಏಕೆಂದರೆ ಗೀನೆ, ಬಾರ್ಡಾಕ್, ಮಗುವನ್ನು ಕಳುಹಿಸುವ ದೃಶ್ಯ ಎಲ್ಲ ಅಲ್ಲಿಂದಲೇ ಬಂದಿವೆ. ಮೂಲ ಕಥೆಯನ್ನು ಮುಂದುವರಿಸಿದ 'ಡ್ರ್ಯಾಗನ್ ಬಾಲ್ ಸೂಪರ್' ಮಂಗಾದಲ್ಲಿ ಗ್ರಾನೋಲಾ ಎಂಬವನ ಕಥೆ ಬರುತ್ತದಲ್ಲ, ಅಲ್ಲಿ ಬಾರ್ಡಾಕ್ ಒಬ್ಬ ತಾಯಿಯನ್ನೂ ಮಗುವನ್ನೂ ಕಾಪಾಡಿದ ಹಳೆಯ ಸಂಗತಿ ಇದೆ. ಮಗುವನ್ನು ಕಂಡು ಮುಖ ತಿರುಗಿಸಿದ 1990ರ ಬಾರ್ಡಾಕ್ ಆ ಕೆಲಸ ಮಾಡುವವನಲ್ಲ. 'ಮೈನಸ್' ಬಾರ್ಡಾಕ್ ಮಾಡುತ್ತಾನೆ. ಜಾಕೋ ಕೂಡ ಅಷ್ಟೇ. 2015ರ 'ರಿಸರೆಕ್ಷನ್ ಎಫ್' ಸಿನಿಮಾದಲ್ಲಿ ಫ್ರೀಜಾ ಬರುತ್ತಿದ್ದಾನೆ ಎಂಬ ಸುದ್ದಿ ತರುವವನು ಅವನೇ. ಇಷ್ಟೆಲ್ಲ ಭಾರ ಹೊತ್ತ ಮೇಲೆ ಅದನ್ನು ಬರೀ ಸ್ಪಿನ್-ಆಫ್ ಎಂದು ಪಕ್ಕಕ್ಕೆ ಇಡುವುದು ಸರಿಯಲ್ಲ.

ಹಾಗಾದರೆ ರಾಡಿಟ್ಸ್ ಹೇಳಿದ್ದು? ಪಾತ್ರ ಹೇಳಿದ್ದು ಬೇರೆ, ಕಥೆ ಕಣ್ಣಮುಂದೆ ತೋರಿಸಿದ್ದು ಬೇರೆ. ರಾಡಿಟ್ಸ್ ಒಬ್ಬ ಪಾತ್ರ. ಅವನಿಗೆ ಗೊತ್ತಿದ್ದಷ್ಟು ಅವನು ಹೇಳಿದ. ತಮ್ಮನನ್ನು ಕಳುಹಿಸುವಾಗ ಅವನು ಅಲ್ಲಿ ಇರಲಿಲ್ಲ ಎಂದು 'ಮೈನಸ್' ತೋರಿಸುತ್ತದೆ. ತೊರಿಯಾಮಾ ಮೊದಲು ಬರೆಯುವಾಗ ಗೋಕು ನಿಜಕ್ಕೂ ಕೊಲ್ಲಲು ಬಂದವನು ಎಂದೇ ಅಂದುಕೊಂಡಿದ್ದರೂ ಇರಬಹುದು. ಆದರೆ ಅದನ್ನು ಒಬ್ಬ ಪಾತ್ರದ ಬಾಯಲ್ಲಿ ಮಾತ್ರ ಹೇಳಿಸಿದ್ದರಿಂದ ಆಮೇಲೆ ಬದಲಿಸಲು ಜಾಗ ಉಳಿಯಿತು. ಮಂಗಾ ಓದುವಾಗ ಇದನ್ನು ಗಮನಿಸುವ ಅಭ್ಯಾಸ ಮಾಡಿಕೋ. ಅರ್ಧ ಜಗಳ ಅಲ್ಲೇ ಮುಗಿಯುತ್ತವೆ.

ನಮ್ಮ ಭಾಗದವರಿಗೆ ಈ ಅಳತೆ ಹೊಸದೇನಲ್ಲ. ಕಲಬುರಗಿಯಿಂದ ಶಹಾಬಾದ್ ಕಡೆ ರೈಲಿನಲ್ಲಿ ಹೋದರೆ ಮರತೂರು ಸಿಗುತ್ತದೆ. ವಿಜ್ಞಾನೇಶ್ವರನ ಊರು ಅದು ಎಂದು ಇಲ್ಲಿಯವರು ಅಭಿಮಾನದಿಂದ ಹೇಳುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ರಾಜಧಾನಿಯಾಗಿದ್ದಾಗ, ವಿಜ್ಞಾನೇಶ್ವರ 'ಮಿತಾಕ್ಷರ' ಬರೆದ. ಅದು ಸ್ವತಂತ್ರ ಗ್ರಂಥ ಅಲ್ಲ. ಅವನಿಗಿಂತ ಎಷ್ಟೋ ಹಿಂದಿನ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಮೂಲ ಒಬ್ಬರದು, ಅದರ ಮೇಲೆ ಬರೆದವನು ಇನ್ನೊಬ್ಬ. ಆದರೆ ಆಸ್ತಿ ಪಾಲಿನ ವಿಷಯದಲ್ಲಿ ಬಂಗಾಳದ ಕಡೆ ಬಿಟ್ಟು ಭಾರತದ ಹೆಚ್ಚಿನ ಭಾಗದಲ್ಲಿ ನಡೆದದ್ದು ಈ ವ್ಯಾಖ್ಯಾನದ ಮಾತು. 1810ರಲ್ಲಿ ಇಂಗ್ಲಿಷ್ ವಿದ್ವಾಂಸ ಕೋಲ್‌ಬ್ರೂಕ್ ಅದರ ಆಸ್ತಿ ಪಾಲಿನ ಪ್ರಕರಣವನ್ನು ಇಂಗ್ಲಿಷ್‌ಗೆ ತಂದ. ಕೋರ್ಟುಗಳು ಅದನ್ನು ಹಿಡಿದು ತೀರ್ಪು ಕೊಟ್ಟವು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಮಿನಲ್ಲಿ ಮಿತಾಕ್ಷರದ ಹೆಸರೇ ಇದೆ. ಬರೆದವನು ಸ್ಮೃತಿಕಾರ ಅಲ್ಲ ಎಂದು ಯಾವ ಕೋರ್ಟೂ ಅದನ್ನು ಬಿಡಲಿಲ್ಲ. ಜನರ ಹೊಲ ಮನೆ ಪಾಲಾಗುವಾಗ ಎಲ್ಲರೂ ಅದರ ಮೇಲೆ ನಿಂತರು. ಅದಕ್ಕೆ ಅಧಿಕಾರ ಬಂದದ್ದು ಹಾಗೆ. ಮಂಗಾದಲ್ಲೂ ಸ್ಪಿನ್-ಆಫ್‌ಗೆ ಅಧಿಕಾರ ಬರುವುದು ಹೀಗೇ ಎಂದು ನನ್ನ ನಂಬಿಕೆ.

ಇದಕ್ಕೆ ಇನ್ನೂ ಗಟ್ಟಿ ಸಾಕ್ಷಿ 'ಮೈ ಹೀರೋ ಅಕಾಡೆಮಿಯಾ'. ಮೂಲ ಮಂಗಾ ಕೊಹೆಯ್ ಹೊರಿಕೊಶಿ ಅವರದು. ಅದರ ಸ್ಪಿನ್-ಆಫ್ 'ವಿಜಿಲಾಂಟೀಸ್' 2016ರಿಂದ 2022ರವರೆಗೆ ಬಂತು. ಬರೆದವರು ಹಿದೆಯುಕಿ ಫುರುಹಾಶಿ, ಚಿತ್ರ ಬೆಟ್ಟೆನ್ ಕೋರ್ಟ್ ಅವರದು. ಹೊರಿಕೊಶಿ ಬರೆದದ್ದೂ ಅಲ್ಲ, ಬಿಡಿಸಿದ್ದೂ ಅಲ್ಲ. ಆ ಸ್ಪಿನ್-ಆಫ್‌ನಲ್ಲಿ ಐಜಾವಾ ಮೇಷ್ಟ್ರ ವಿದ್ಯಾರ್ಥಿ ದಿನಗಳ ಕಥೆ ಬರುತ್ತದೆ. ಅಲ್ಲಿ ಒಬೊರೊ ಶಿರಾಕುಮೊ ಎಂಬ ನಗುಮುಖದ ಗೆಳೆಯ ಇರುತ್ತಾನೆ, ಚಿಕ್ಕ ವಯಸ್ಸಿನಲ್ಲೇ ಸಾಯುತ್ತಾನೆ. ಓದಿದವರಿಗೆ ಅದು ಒಂದು ದುಃಖದ ಉಪಕಥೆ ಅಷ್ಟೇ. ಆಮೇಲೆ ಮೂಲ ಮಂಗಾ ಒಂದು ಗುಟ್ಟು ಬಿಚ್ಚಿತು. ಮೊದಲಿನಿಂದ ಖಳರ ಜೊತೆ ಇದ್ದ ಕುರೊಗಿರಿಯನ್ನು ಮಾಡಿದ್ದೇ ಆ ಶಿರಾಕುಮೊನ ಹೆಣದಿಂದ!

ಮೂಲ ಮಂಗಾ ಮಾತ್ರ ಓದಿದವರಿಗೆ ಅಲ್ಲಿ ಆಘಾತ ಆಗುತ್ತದೆ. ಆದರೆ ಶಿರಾಕುಮೊನ ಜೊತೆ ಪುಟಗಟ್ಟಲೆ ಕಳೆದು ಬಂದವರಿಗೆ ಆಗುವುದು ಬೇರೆ. ಐಜಾವಾ ಕುರೊಗಿರಿಯ ಎದುರು ಕೂತು ಗೆಳೆಯನ ಹೆಸರು ಹಿಡಿದು ಕರೆಯುವ ಪುಟಗಳನ್ನು ಓದುವಾಗ ನನಗೆ ಗಂಟಲು ಕಟ್ಟಿತು. ಆ ಭಾರ ಪೂರ್ತಿ ಬಂದದ್ದು ಸ್ಪಿನ್-ಆಫ್‌ನಿಂದ. ಇಂಥ ಕಡೆ ಕೂಡ ಯಾರಾದರೂ 'ವಿಜಿಲಾಂಟೀಸ್ ಕ್ಯಾನನ್ ಅಲ್ಲ' ಎಂದರೆ, ಅವರು ಮೂಲ ಕಥೆಯನ್ನೇ ಅರ್ಧ ಓದಿದ್ದಾರೆ ಎಂದು ನಾನು ತಿಳಿಯುತ್ತೇನೆ.

ಮೂಲ ಲೇಖಕರು ಬರೆದರೆ ಕ್ಯಾನನ್, ಬೇರೆಯವರು ಬರೆದರೆ ಅಲ್ಲ ಎನ್ನುವ ಅಳತೆ ಬಹಳ ಜನಪ್ರಿಯ. ಅದರಲ್ಲಿ ಸ್ವಲ್ಪ ಹುರುಳಿದೆ. ಅಮೆರಿಕದ ಮಾರ್ವೆಲ್, ಡಿಸಿ ಕಾಮಿಕ್ಸ್‌ಗಳಲ್ಲಿ ಪಾತ್ರಗಳ ಹಕ್ಕು ಕಂಪನಿಯದು, ಬರೆಯುವವರು ಬದಲಾಗುತ್ತಲೇ ಇರುತ್ತಾರೆ. ಹಾಗಾಗಿ ಕಂಪನಿಯೇ ಒಂದು ದಿನ 'ಇದು ಲೆಕ್ಕಕ್ಕಿದೆ, ಇದು ಇಲ್ಲ' ಎಂದು ಹೇಳಬಹುದು. 2014ರಲ್ಲಿ ಲ್ಯೂಕಸ್‌ಫಿಲ್ಮ್ 'ಸ್ಟಾರ್ ವಾರ್ಸ್' ಲೋಕದ ಹಳೆಯ ಕಾದಂಬರಿ, ಕಾಮಿಕ್ಸ್‌ಗಳನ್ನು ಒಂದೇ ಏಟಿಗೆ ಬೇರೆ ಕಪಾಟಿಗೆ ಹಾಕಿತು. ಮಂಗಾದಲ್ಲಿ ಸಾಮಾನ್ಯವಾಗಿ ಕೃತಿಯ ಹಕ್ಕು ಲೇಖಕರ ಕೈಯಲ್ಲೇ ಇರುತ್ತದೆ. ಸ್ಪಿನ್-ಆಫ್ ಬೇರೆಯವರು ಮಾಡಿದರೂ ಮುಖಪುಟದಲ್ಲಿ ಮೂಲ ಲೇಖಕರ ಹೆಸರು ಇರುತ್ತದೆ. ಅಂಥ ಘೋಷಣೆ ಹೊರಡಿಸುವವರು ಇಲ್ಲಿ ಅಪರೂಪ. ಅದಕ್ಕೇ ಓದುಗರು ಮುಖಪುಟದ ಹೆಸರು ನೋಡಿ ತೀರ್ಮಾನ ಮಾಡಲು ಹೋಗುತ್ತಾರೆ.

ಆದರೆ ಆ ಹೆಸರಿನ ಹಿಂದೆ ಎಷ್ಟು ಕೆಲಸ ಇದೆ ಎಂಬುದು ಒಂದೊಂದು ಕಡೆ ಒಂದೊಂದು ಥರ. 'ಫೇರಿ ಟೇಲ್: 100 ಇಯರ್ಸ್ ಕ್ವೆಸ್ಟ್' ಮಂಗಾಕ್ಕೆ ಹಿರೋ ಮಾಶಿಮಾ ಸ್ವತಃ ಪುಟಗಳ ಕಚ್ಚಾ ನಕ್ಷೆ ಬಿಡಿಸಿ ಕೊಡುತ್ತಾರೆ, ಅಂತಿಮ ಚಿತ್ರ ಅತ್ಸುವೊ ಉಎದಾ ಅವರದು. 'ಡ್ರ್ಯಾಗನ್ ಬಾಲ್ ಸೂಪರ್' ಮಂಗಾದಲ್ಲಿ ತೊರಿಯಾಮಾ ಕಥೆಯ ಹೊರಸಾಲು ಕೊಡುತ್ತಿದ್ದರು, ಅದನ್ನು ಬೆಳೆಸಿ ಬಿಡಿಸಿದವರು ತೊಯೊತಾರೊ. 'ನರುಟೊ' ಕಥೆಯ ಮುಂದುವರಿಕೆ 'ಬೊರುಟೊ' 2016ರಲ್ಲಿ ಶುರುವಾದಾಗ ಬರೆಯುತ್ತಿದ್ದವರು ಉಕ್ಯೊ ಕೊದಾಚಿ. 'ನರುಟೊ' ಬರೆದ ಮಸಾಶಿ ಕಿಶಿಮೊಟೊ ಮೇಲ್ವಿಚಾರಣೆ ನೋಡುತ್ತಿದ್ದರು, 2020ರ ನವೆಂಬರ್‌ನಿಂದ ಬರವಣಿಗೆ ತಮ್ಮ ಕೈಗೇ ತೆಗೆದುಕೊಂಡರು. ಹಾಗಂತ ಅದರ ಹಿಂದಿನ ಅಧ್ಯಾಯಗಳು ಕ್ಯಾನನ್ ಅಲ್ಲ, ಅಂದಿನಿಂದ ಮಾತ್ರ ಕ್ಯಾನನ್ ಎನ್ನಲು ಆಗುತ್ತದಾ? ಕಿಶಿಮೊಟೊ ಆ ಅಧ್ಯಾಯಗಳ ಮೇಲೇ ಮುಂದಿನದನ್ನು ಕಟ್ಟಿದರು.

ಒಂದಕ್ಕೊಂದು ವಿರೋಧ ಇಲ್ಲದಿದ್ದರೆ ಕ್ಯಾನನ್ ಎನ್ನುವ ಇನ್ನೊಂದು ವಾದವೂ ಇದೆ. ಅದೂ ಸಾಲದು. 'ಸೇಂಟ್ ಸೇಯಾ' ನೋಡು. ಮಸಾಮಿ ಕುರುಮಾದಾ ಅವರ ಮೂಲ ಮಂಗಾ 1986ರಲ್ಲಿ ಶುರುವಾಯಿತು. ಅದರಲ್ಲಿ ಇನ್ನೂರು ವರ್ಷಕ್ಕೂ ಹಿಂದೆ ಒಂದು ದೊಡ್ಡ ಧರ್ಮಯುದ್ಧ ನಡೆದಿತ್ತು ಎಂಬ ಮಾತು ಬರುತ್ತದೆ. 2006ರಲ್ಲಿ ಆ ಹಳೆಯ ಯುದ್ಧದ ಕಥೆಯನ್ನು ಇಬ್ಬರು ಬೇರೆ ಬೇರೆಯಾಗಿ ಹೇಳಲು ಶುರು ಮಾಡಿದರು. ಕುರುಮಾದಾ ಸ್ವತಃ 'ನೆಕ್ಸ್ಟ್ ಡೈಮೆನ್ಷನ್' ಬರೆದರು, ಶಿಯೊರಿ ತೆಶಿರೊಗಿ 'ಲಾಸ್ಟ್ ಕ್ಯಾನ್ವಾಸ್' ಬರೆದರು. ಅದೇ ಯುದ್ಧ, ಪೆಗಾಸಸ್ ಯೋಧನ ಹೆಸರು ಎರಡರಲ್ಲೂ ತೆನ್ಮಾ, ಆದರೆ ಘಟನೆಗಳು ಹೊಂದುವುದಿಲ್ಲ. ಎರಡಕ್ಕೂ ಕುರುಮಾದಾ ಹೆಸರಿದೆ. ಕ್ಯಾನನ್ ಯಾವುದು ಎಂದರೆ ನಾನು ಕುರುಮಾದಾ ಅವರದ್ದು ಎನ್ನುತ್ತೇನೆ, ಮೂಲ ಕಥೆಯ ಪಾತ್ರಗಳೂ ಅದರ ಜೊತೆ ಹೆಣೆದುಕೊಂಡಿವೆ. ಓದಲು ಯಾವುದು ಚೆಂದ ಎಂದರೆ, ತೆಶಿರೊಗಿ ಅವರ 'ಲಾಸ್ಟ್ ಕ್ಯಾನ್ವಾಸ್' ಅನ್ನೇ ಮೊದಲು ಕೈಗೆ ಕೊಡುತ್ತೇನೆ. ಒಬ್ಬೊಬ್ಬ ಚಿನ್ನದ ಕವಚದ ಯೋಧನಿಗೂ ಅವರು ಕೊಟ್ಟ ಸಾವು ಮನಸ್ಸಲ್ಲಿ ಉಳಿಯುತ್ತದೆ.

ಇಲ್ಲಿ ನಿನ್ನಂಥ ಓದುಗರಿಗೆ ಒತ್ತಿ ಹೇಳಬೇಕಾದ ಮಾತು ಇದೆ. ಕ್ಯಾನನ್ ಆಗಿದೆ ಅಂದರೆ ಒಳ್ಳೆಯ ಕಥೆ ಎಂದಲ್ಲ. ಕ್ಯಾನನ್ ಅಲ್ಲ ಅಂದರೆ ಕಳಪೆ ಎಂದೂ ಅಲ್ಲ. 1990ರ ಬಾರ್ಡಾಕ್ ಕಥೆ ಈಗ ಕ್ಯಾನನ್ ಆಗಿ ಉಳಿದಿಲ್ಲ, 'ಮೈನಸ್' ಅದರ ಜಾಗ ತೆಗೆದುಕೊಂಡಿದೆ. ಆದರೆ ಕಥೆಯಾಗಿ 1990ರದೇ ದೊಡ್ಡದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಮಗನನ್ನು ಲೆಕ್ಕಕ್ಕೇ ಇಡದ ಅಪ್ಪ, ಸಾಯುವ ಗಳಿಗೆಯಲ್ಲಿ ಆ ಮಗನೇ ಮುಂದೆ ಫ್ರೀಜಾನ ಎದುರು ನಿಲ್ಲುವುದನ್ನು ಕಾಣುತ್ತಾನೆ. ಅದರಲ್ಲಿ ಕಹಿ ಇದೆ, ಪಶ್ಚಾತ್ತಾಪ ಇದೆ. 'ಮೈನಸ್' ಅಪ್ಪ ಅವ್ವ ಮೊದಲಿನಿಂದಲೂ ಒಳ್ಳೆಯವರು. ನಾಶವಾಗುವ ಗ್ರಹದಿಂದ ಮಗುವನ್ನು ಕಳುಹಿಸುವ ಒಳ್ಳೆಯ ಅಪ್ಪ ಅವ್ವನನ್ನು ನಾವು ಸೂಪರ್‌ಮ್ಯಾನ್ ಕಥೆಯಲ್ಲೇ ನೋಡಿದ್ದೆವು. '42 ಸಂಪುಟ ನಮಗೆ ಸಾಕು, ಆಮೇಲಿನದ್ದು ಬೇಡ' ಎನ್ನುವ ಹಳೆಯ ಓದುಗರ ನೋವು ನನಗೆ ಅರ್ಥ ಆಗುತ್ತದೆ. ಅವರಿಗೆ ಆ ಹಕ್ಕಿದೆ. ಆದರೆ ಅದು ಅವರ ಓದಿನ ಆಯ್ಕೆ. ಕ್ವಿಜ್‌ನಲ್ಲಿ ಅದನ್ನು ಎಲ್ಲರ ಮೇಲೆ ಹೇರಲು ಬರುವುದಿಲ್ಲ.

ಬರೀ ನಗಿಸಲು ಬರೆದ ಸ್ಪಿನ್-ಆಫ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 'ಡಿಟೆಕ್ಟಿವ್ ಕೊನನ್' ಮಂಗಾದಲ್ಲಿ ಕೊಲೆಗಾರ ಯಾರೆಂದು ಗೊತ್ತಾಗುವ ತನಕ ಅವನನ್ನು ಕಪ್ಪು ನೆರಳಾಗಿ ಬಿಡಿಸುತ್ತಾರಲ್ಲ, ಆ ನೆರಳನ್ನೇ ನಾಯಕ ಮಾಡಿ ಮಯುಕೊ ಕಂಬಾ ಒಂದು ಹಾಸ್ಯ ಮಂಗಾ ಬರೆದಿದ್ದಾರೆ. ಇದು ಕ್ಯಾನನ್ನೇ ಎಂದು ಯಾರೂ ಕೇಳುವುದಿಲ್ಲ, ಕೇಳಲೂ ಬಾರದು.

ಮುಖ್ಯ ಕಥೆ ಮುಗಿದ ಮೇಲೆ ಬಂದ ಸ್ಪಿನ್-ಆಫ್‌ಗಳಲ್ಲಿ ಮಾತ್ರ ನನ್ನ ಅಳತೆಗೆ ಕಷ್ಟ ಇದೆ. 'ಡೀಮನ್ ಸ್ಲೇಯರ್' ಮಂಗಾ 2020ರ ಮೇ ತಿಂಗಳಲ್ಲಿ ಮುಗಿಯಿತು. ಅದರ ಯೋಧ ರೆಂಗೊಕು ಬಗ್ಗೆ ರ್ಯೋಜಿ ಹಿರಾನೊ ಬಿಡಿಸಿದ ಸ್ಪಿನ್-ಆಫ್ ಬಂದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ, ರೆಂಗೊಕು ಮುಖ್ಯನಾಗಿರುವ ಸಿನಿಮಾ ಬಿಡುಗಡೆಯಾದ ತಿಂಗಳು. ಮುಗಿದ ಕಥೆ ಅದರ ಮೇಲೆ ಹೇಗೆ ನಿಲ್ಲುತ್ತದೆ? ನಿಲ್ಲಲು ಆಗುವುದಿಲ್ಲ. ಇಂಥದಕ್ಕೆ ನಾನು ಹೌದು ಎಂದೂ ಹೇಳುವುದಿಲ್ಲ, ಅಲ್ಲ ಎಂದೂ ಹೇಳುವುದಿಲ್ಲ. ಮೂಲಕ್ಕೆ ವಿರೋಧ ಇಲ್ಲದಿದ್ದರೆ ನಡೆದಿರಬಹುದು ಎಂದು ಓದಿಕೊಳ್ಳುತ್ತೇನೆ. ಕ್ವಿಜ್‌ನಲ್ಲಿ ಮಾತ್ರ ಅದರಿಂದ ಪ್ರಶ್ನೆ ತೆಗೆದರೆ ಪುಸ್ತಕದ ಹೆಸರು ಹೇಳಿಯೇ ಕೇಳಬೇಕು.

ಇನ್ನೂ ಒಂದು. ಇವತ್ತು ಹೊರಗಿರುವುದು ನಾಳೆ ಒಳಗೆ ಬರಬಹುದು. ಬ್ರೋಲಿ 1993ರ ಒಂದು 'ಡ್ರ್ಯಾಗನ್ ಬಾಲ್' ಸಿನಿಮಾಕ್ಕಾಗಿ ಹುಟ್ಟಿದ ಪಾತ್ರ. ವರ್ಷಾನುಗಟ್ಟಲೆ ಕ್ಯಾನನ್ ಅಲ್ಲ ಎಂದೇ ಎಲ್ಲರೂ ಹೇಳುತ್ತಿದ್ದರು. 2018ರಲ್ಲಿ ತೊರಿಯಾಮಾ ಅವನ ಸ್ವಭಾವ ಬದಲಿಸಿ ಒಳಗೆ ಕರೆದುಕೊಂಡರು. 1996ರಲ್ಲಿ ಶುರುವಾದ 'ಡ್ರ್ಯಾಗನ್ ಬಾಲ್ ಜಿಟಿ' ಅನಿಮೆ ಧಾರಾವಾಹಿ ತೊರಿಯಾಮಾ ಅವರ ಮಂಗಾದಿಂದ ಬಂದದ್ದಲ್ಲ. ಅದರ 'ಸೂಪರ್ ಸೈಯಾನ್ 4' ರೂಪ ಹೊರಗೇ ಉಳಿಯಿತು. ತೊರಿಯಾಮಾ 2024ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರ ಕಥೆಯಿಂದ ಮಾಡಿದ 'ಡ್ರ್ಯಾಗನ್ ಬಾಲ್ ಡೈಮಾ' ಅನಿಮೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಶುರುವಾಯಿತು. ಅದರಲ್ಲಿ ಗೋಕು ಆ ರೂಪವನ್ನೇ ತಾಳುತ್ತಾನೆ! ಹಾಗಾಗಿ ಕ್ವಿಜ್ ಚೀಟಿಯಲ್ಲಿ ಬರೆದ ಉತ್ತರ ಹಳೆಯದಾಗುತ್ತದೆ. ಪ್ರತಿ ಸಲ ತಿರುಗಿ ನೋಡಬೇಕು.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ನಾವು ಹೆಚ್ಚಿನವರು ಮಂಗಾಕ್ಕಿಂತ ಮೊದಲು ಟಿವಿಯಲ್ಲಿ ಅನಿಮೆ ನೋಡಿದವರು. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಕಂಡ ಗೋಕುವೇ ನಮಗೆ ಮೂಲ ಗೋಕು. ಈಗಿನ ಹುಡುಗರು ಹಿಂದಿ ಡಬ್ಬಿಂಗ್‌ನಲ್ಲಿ ನೋಡುತ್ತಾರೆ, ಯಾದಗಿರಿ ಗುರುಮಠಕಲ್ ಕಡೆ ತೆಲುಗಿನಲ್ಲಿ ನೋಡುವವರೂ ಇದ್ದಾರೆ. ಅನಿಮೆಯವರು ಮಂಗಾ ಮುಂದೆ ಸಾಗಲಿ ಎಂದು ನಡುವೆ ತಾವೇ ಸೇರಿಸಿದ ಸಂಚಿಕೆಗಳು ಯಾವುವು, ಮಂಗಾದಲ್ಲೇ ಇದ್ದದ್ದು ಯಾವುದು ಎಂದು ನೋಡುವಾಗ ಗೊತ್ತಾಗುವುದಿಲ್ಲ. ನಿನ್ನ ಕ್ವಿಜ್‌ನಲ್ಲಿ ಮುಂದೆ ಬರುವ ಜಗಳಗಳಲ್ಲಿ ಜಾಸ್ತಿ ಇಂಥವೇ ಇರುತ್ತವೆ, ಸ್ಪಿನ್-ಆಫ್ ಜಗಳ ಕಡಿಮೆ.

ಅದಕ್ಕೆ ಪ್ರಶ್ನೆಯಲ್ಲೇ ಆಧಾರ ಹೇಳಿಬಿಡು. 'ರಾಡಿಟ್ಸ್ ಹೇಳುವ ಪ್ರಕಾರ ಗೋಕುವನ್ನು ಏಕೆ ಕಳುಹಿಸಿದರು?' ಎಂದು ಕೇಳಿದ್ದರೆ ಮೊದಲನೆಯ ತಂಡ ಮಾತ್ರ ಗೆಲ್ಲುತ್ತಿತ್ತು, ಯಾರೂ ಸೊಲ್ಲೆತ್ತುತ್ತಿರಲಿಲ್ಲ. '2018ರ ಬ್ರೋಲಿ ಸಿನಿಮಾದಲ್ಲಿ' ಎಂದಿದ್ದರೆ ಎರಡನೆಯ ತಂಡ ಗೆಲ್ಲುತ್ತಿತ್ತು. ಆಧಾರ ಹೇಳದೆ ಸುಮ್ನೆ 'ಏಕೆ ಕಳುಹಿಸಿದರು' ಎಂದು ಕೇಳಿದಾಗ, ಕಥೆ ಇವತ್ತು ಎಲ್ಲಿ ನಿಂತಿದೆಯೋ ಅದೇ ಉತ್ತರ. ಇವತ್ತು ಅದು ಬಾರ್ಡಾಕ್ ಮತ್ತು ಗೀನೆ ಮಗುವನ್ನು ಉಳಿಸಿದ ಕಥೆಯ ಮೇಲೆ ನಿಂತಿದೆ.

ಇನ್ನು ಲೈಬ್ರರಿ. ಅಲ್ಲಿ ಕ್ಯಾನನ್ ಲೆಕ್ಕ ಬಿಡು. ಕೈಗೆತ್ತಿಕೊಂಡವನಿಗೆ ಇದೊಂದೇ ಪುಸ್ತಕ ಓದಿದರೂ ಕಥೆ ಹತ್ತುತ್ತದಾ ಎಂದು ಮಾತ್ರ ನೋಡು. 'ಜಾಕೋ' ಒಂದೇ ಸಂಪುಟ, 'ಡ್ರ್ಯಾಗನ್ ಬಾಲ್' ಓದದವನೂ ಖುಷಿಯಿಂದ ಓದುತ್ತಾನೆ, 'ಮೈನಸ್' ಅಧ್ಯಾಯವೂ ಅದರಲ್ಲೇ ಇದೆ. ಮೊದಲು ಅದನ್ನು ತರಿಸು. 'ಡೀಮನ್ ಸ್ಲೇಯರ್: ಸ್ಟೋರೀಸ್ ಆಫ್ ವಾಟರ್ ಆ್ಯಂಡ್ ಫ್ಲೇಮ್' ಕೂಡ ಒಂದೇ ಸಂಪುಟ, ಮೇಲೆ ಹೇಳಿದ ರೆಂಗೊಕು ಕಥೆ ಇರುವುದು ಅದರಲ್ಲಿ. 'ವಿಜಿಲಾಂಟೀಸ್' 15 ಸಂಪುಟ. ಮೂಲ 'ಮೈ ಹೀರೋ ಅಕಾಡೆಮಿಯಾ' ಕಪಾಟಿನಲ್ಲಿ ಇದ್ದರೆ ಮಾತ್ರ ತರಿಸು, ಇಲ್ಲದಿದ್ದರೆ ಶಿರಾಕುಮೊನ ಕಥೆಯ ಅರ್ಧ ರುಚಿ ಹೋಗುತ್ತದೆ. ಹಾಸ್ಯದ ಸ್ಪಿನ್-ಆಫ್‌ಗಳನ್ನು ಈಗ ಬಿಡು, ಮೂಲ ಗೊತ್ತಿಲ್ಲದವನಿಗೆ ಅವು ನಗು ತರಿಸುವುದಿಲ್ಲ. ಯಾವುದೇ ಮಂಗಾ ತರಿಸಿದರೂ ಪೂರ್ತಿ ತರಿಸು. ನಡುವಿನ ಸಂಪುಟ ಇಲ್ಲದ ಸೆಟ್ಟನ್ನು ಯಾರೂ ಮುಟ್ಟುವುದಿಲ್ಲ.

ಪಟ್ಟಿ ಬರೆಯುವಾಗ ಒಂದು ಎಚ್ಚರ. ಇಂಗ್ಲಿಷ್‌ನಲ್ಲಿ ವಿಜ್ ಸಂಸ್ಥೆ ಆ 42 ಸಂಪುಟಗಳನ್ನು ಎರಡು ಹೆಸರಿನಲ್ಲಿ ತಂದಿದೆ. ಮೊದಲ 16 'ಡ್ರ್ಯಾಗನ್ ಬಾಲ್', ಉಳಿದ 26 'ಡ್ರ್ಯಾಗನ್ ಬಾಲ್ ಝಡ್'. ರಾಡಿಟ್ಸ್ ಬರುವುದು 'ಝಡ್'ನ ಮೊದಲ ಸಂಪುಟದಲ್ಲಿ. ಬರೀ 'ಡ್ರ್ಯಾಗನ್ ಬಾಲ್' ಎಂದು ಬರೆದು ಕೊಟ್ಟರೆ ಅಂಗಡಿಯವರು 16 ಕಳುಹಿಸಿ ಸುಮ್ಮನಾಗುತ್ತಾರೆ. ಎರಡೂ ಹೆಸರು, ಎರಡರ ಸಂಪುಟ ಸಂಖ್ಯೆ ಬರೆದುಕೊಡು.